ಗುರುಸ್ಮರಣೆಯೂ ಸಂಚಾರಿ ಗಾಯಕನೂ

ಕುಂದಗೋಳದ ರಾಮಭಾವೂ, ಅರ್ಥಾತ್ ಸವಾಯಿ ಗಂಧರ್ವರು, 1952ರಲ್ಲಿ ನಿಧನರಾದರು. ಮರುವರ್ಷವೇ ಶಿಷ್ಯ ಭೀಮಸೇನ ಜೋಶಿಯವರು ಪುಣೆಯಲ್ಲಿ ಅವರ ಸ್ಮರಣೋತ್ಸವವನ್ನು ಆರಂಭಿಸಿದರು. ಇದನ್ನು ಕೇವಲ ಗುರುಭಕ್ತಿಯ ಕಾರ್ಯವೆಂದು ಹೊಗಳಿ ಸುಮ್ಮನಾಗುವುದು ರೂಢಿ. ಆದರೆ ಒಬ್ಬನೇ ಗುರುವನ್ನು ನೆನೆದ ಗುರುಬಂಧುಗಳು ಒಂದೇ ಬಗೆಯಾಗಿ ಹಾಡಿದರೇ ಎಂಬುದನ್ನು ವಿವೇಚಿಸಿದವರು ವಿರಳ.

ಜೋಶಿಯವರದು ಅಲೆದಾಟದ ಬಾಳು. ಹುಡುಗತನದಲ್ಲಿಯೇ ಗದಗಿನ ಮನೆ ಬಿಟ್ಟು, ಗುರುವನ್ನರಸಿ ಗ್ವಾಲಿಯರ, ಕಲಕತ್ತೆ, ಜಾಲಂಧರಗಳವರೆಗೆ ತಿರುಗಿದರು. ನಿನ್ನ ಊರಿನ ಬಳಿಯಲ್ಲಿಯೇ ಸವಾಯಿ ಗಂಧರ್ವರಿದ್ದಾರೆಂದು ವಿನಾಯಕರಾವ ಪಟವರ್ಧನರು ತಿಳಿಸಿದ್ದು ಆ ಜಾಲಂಧರದಲ್ಲಿ! ಮುಂದೆ ಕೀರ್ತಿ ಬಂದ ಮೇಲೆ ಊರಿಂದೂರಿಗೆ ವಿಮಾನದಲ್ಲಿ ಹಾರಾಡುತ್ತಿದ್ದ ಈ ಗಾಯಕರನ್ನು ರಸಿಕರು ವಿನೋದದಿಂದ 'ಹವಾಯಿ ಗಂಧರ್ವ'ರೆಂದುದುಂಟು. ಅಲೆದ ಕಿವಿ ಬರಿಗೈಯಲ್ಲಿ ಮರಳಲಿಲ್ಲ. ಕೇಸರಬಾಯಿ ಕೇರ್ಕರ, ಅಮೀರ್ ಖಾನ್ ಮೊದಲಾದವರಿಂದ ಪಡೆದುದನ್ನು ಅವರು ಕಿರಾಣಾ ಘರಾಣೆಯ ಸ್ವರವಿಲಂಬನದೊಳಗೆ ಬೆರೆಸಿದರು. ಅವರ ತಾನುಗಳ ರಭಸವನ್ನು ಗುರುವಿನ ಗಾಯನದಲ್ಲಿ ಹುಡುಕುವುದು ವ್ಯರ್ಥ.

ಗಂಗೂಬಾಯಿ ಹಾನಗಲ್ಲರ ಸ್ಮೃತಿಯ ರೀತಿ ಬೇರೆ. ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿಬಂದು ಕಲಿತ ಅವರು ಲಘುಗೀತಗಳನ್ನು ಬಿಟ್ಟು ಖಯಾಲಿಗೇ ನಿಷ್ಠರಾದರು. ಕಂಠದ ಶಸ್ತ್ರಚಿಕಿತ್ಸೆಯ ಬಳಿಕ ಗಡಸಾದ ಧ್ವನಿಯಲ್ಲಿಯೇ ರಾಗದ ಒಂದೊಂದು ಸ್ವರವನ್ನು ತಡೆತಡೆದು ಬಿಡಿಸುವ ಅವರ ಕ್ರಮದಲ್ಲಿ ಹೊರಗಿನಿಂದ ತಂದದ್ದು ಅತ್ಯಲ್ಪ. ಬಾಲ್ಯದಲ್ಲಿ ಚಿತ್ರನಟರೂ ಆಗಿದ್ದ ಮುಂಬಯಿಯ ಪಾರಸಿ ಗಾಯಕ ಫಿರೋಜ ದಸ್ತೂರರಂತೂ ಗುರುವನ್ನೂ ದಾಟಿ ಗುರುವಿನ ಗುರು ಅಬ್ದುಲ್ ಕರೀಮ್ ಖಾನರ ಮಾಧುರ್ಯಕ್ಕೆ ಹಿಂದಿರುಗಿದರು. ಮೂವರಲ್ಲಿ ಶುದ್ಧ ಪರಂಪರೆ ಯಾರದೆಂಬ ಚರ್ಚೆ ರಸಿಕರ ಗೋಷ್ಠಿಗಳಲ್ಲಿ ಸಾಮಾನ್ಯವಾದುದು. ಅದು ಅಷ್ಟೇ ನಿಷ್ಫಲವೂ ಹೌದು. ಇಟ್ಟದ್ದನ್ನು ಇಟ್ಟಂತೆಯೇ ತೆಗೆದುಕೊಡಲು ಸ್ಮರಣೆಯೆಂಬುದು ಕಣಜವಲ್ಲವಷ್ಟೆ. ಇಷ್ಟು ಭಿನ್ನವಾಗಿ ಹಾಡುವವರು ಒಂದೇ ವೇದಿಕೆಯಲ್ಲಿ ದಶಕಗಳ ಕಾಲ ಒಬ್ಬರನ್ನೊಬ್ಬರು ಆದರದಿಂದ ಕೇಳಿದರೆಂಬುದೇ ಆ ಉತ್ಸವದ ನಿಜವಾದ ಸಾಧನೆ. ಸಂಚಾರಿ ಗಾಯಕನಿಗೆ ಸ್ಪರ್ಧಿಗಳು ಊರೂರಿಗೂ ಸಿಕ್ಕುವರು. ತನ್ನ ಸ್ವರ ಎಲ್ಲಿಂದ ಹೊರಟಿತೆಂದು ಬಲ್ಲ ಸ್ನೇಹಿತರು ಸಿಕ್ಕುವುದು ದುರ್ಲಭ.

ಉತ್ಸವದಲ್ಲಿ ಕೊರತೆಗಳು ಇಲ್ಲದಿಲ್ಲ. ಜನ ಸಹಸ್ರಗಟ್ಟಲೆ ನೆರೆಯತೊಡಗಿದಂತೆ ಸೂಕ್ಷ್ಮ ಆಲಾಪಕ್ಕಿಂತ ದ್ರುತಕ್ಕೆ ಚಪ್ಪಾಳೆ ಹೆಚ್ಚಾಯಿತು. ಧ್ವನಿವರ್ಧಕಗಳಿಗೆ ರಾತ್ರಿ 10ರ ಮಿತಿ ಹಾಕಿದ 2000ದ ನಿಯಮಗಳ ತರುವಾಯ ಇರುಳಿಡೀ ನಡೆಯುತ್ತಿದ್ದ ಬೈಠಕುಗಳು ಮೊಟಕಾದವು. ಅಪರಾತ್ರಿಯ ರಾಗಗಳಿಗೆ ಎಡೆಯೇ ತಪ್ಪಿತು. ನೆರೆಹೊರೆಯವರ ನಿದ್ರೆಯ ದೃಷ್ಟಿಯಿಂದ ಇದು ನ್ಯಾಯವೇ ಇರಬಹುದು, ದರಬಾರಿಯ ದೃಷ್ಟಿಯಿಂದಲ್ಲ.

ದಸ್ತೂರರು 2008ರಲ್ಲಿ, ಗಂಗೂಬಾಯಿಯವರು 2009ರಲ್ಲಿ, ಜೋಶಿಯವರು 2011ರಲ್ಲಿ ಅಗಲಿದರು. ಬಳಿಕ ಉತ್ಸವದ ಹೆಸರಿಗೆ ಭೀಮಸೇನರ ಹೆಸರು ಸೇರಿತು. ಅದು ಯೋಗ್ಯವೇ, ಆದರೆ ಉಳಿದಿಬ್ಬರು ಗುರುಬಂಧುಗಳ ಹೆಸರು ಅಲ್ಲಿಲ್ಲ. ಉತ್ಸವದ ಕೊನೆಗೆ ಸವಾಯಿ ಗಂಧರ್ವರದೇ ಭೈರವಿಯ ಹಳೆಯ ಧ್ವನಿಮುದ್ರಿಕೆಯನ್ನು ಕೇಳಿಸುವ ಪದ್ಧತಿ ಬೆಳೆದುಬಂದಿತು. ಕೆಲವೇ ನಿಮಿಷಗಳ ಆ ಮುದ್ರಿಕೆಯಲ್ಲಿ ಶಿಷ್ಯರೊಬ್ಬರ ಛಾಯೆಯೂ ಪೂರ್ಣವಾಗಿ ಕಾಣದು, ಯಾರದೂ ಪೂರ್ಣವಾಗಿ ಮರೆಯಾಗದು.