ಬಿಟ್ಟುಹೋದ ನಾಲ್ಕನೆಯ ಬಾಣ

ಗಣಕ ವಿಜ್ಞಾನದ ಪಾಠದಲ್ಲಿ ಕರಿಹಲಗೆಯ ಮೇಲೆ ಬರೆಯುವ ಒಂದು ಚಿತ್ರವನ್ನು ನೀವು ನೆನಪಿಸಿಕೊಳ್ಳಬೇಕು. ಪಿರಮಿಡ್ಡಿನ ತುದಿಯಲ್ಲಿ ರಿಜಿಸ್ಟರು, ಅದರ ಕೆಳಗೆ ಕ್ಯಾಶ್, ಆಮೇಲೆ ಮುಖ್ಯ ಸ್ಮೃತಿ, ತಳದಲ್ಲಿ ಡಿಸ್ಕ್. ಪಕ್ಕದಲ್ಲಿ ಮೂರು ಬಾಣಗಳು: ವೇಗ, ಬೆಲೆ, ಗಾತ್ರ. ಚಿತ್ರ ತಪ್ಪಲ್ಲ. ಆದರೆ ಒಂದು ಬಾಣ ಬಿಟ್ಟುಹೋಗಿದೆ. ಒಂದು ಸಲ ಓದಲು ಎಷ್ಟು ಶಕ್ತಿ ವ್ಯಯವಾಗುತ್ತದೆ ಎಂಬುದನ್ನು ಈ ಚಿತ್ರ ಹೇಳುವುದಿಲ್ಲ. ನನ್ನ ಆಕ್ಷೇಪಣೆ ಇದೇ.

ಮೈಸೂರಿನ ಉದಯಗಿರಿಯಲ್ಲಿ ಗಣಕ ರಿಪೇರಿಯ ಚಿಕ್ಕ ಅಂಗಡಿಯೊಂದರಲ್ಲಿ ಕಾಲೇಜು ಹುಡುಗನೊಬ್ಬ ಎರಡು ರ‍್ಯಾಮ್ ಪಟ್ಟಿಗಳನ್ನು ಹಿಡಿದು ನಿಂತಿದ್ದ. ಹಳೆಯದರ ಮೇಲೆ ಡಿಡಿಆರ್ 400, ಹೊಸದರ ಮೇಲೆ ಡಿಡಿಆರ್4 3200. "ಎಂಟು ಪಟ್ಟು ವೇಗ ಅಲ್ವಾ ಸಾರ್?" ಎಂದು ಕೇಳಿದ. ಅಂಗಡಿಯವರೂ ತಲೆದೂಗಿದರು. ಇಬ್ಬರದೂ ಪೂರ್ತಿ ತಪ್ಪಲ್ಲ. ಒಮ್ಮೆ ಹರಿಯಲು ತೊಡಗಿದ ಮೇಲೆ ದತ್ತಾಂಶ ಎಂಟು ಪಟ್ಟು ಬೇಗ ಹರಿಯುತ್ತದೆ. ಆದರೆ ಹರಿಯಲು ತೊಡಗುವ ಮುನ್ನ ಕಾಯಬೇಕಲ್ಲ, ಅದನ್ನು ಲೆಕ್ಕ ಹಾಕಿ ನೋಡಿ. ಹಳೆಯದರ ಗಡಿಯಾರ 200 ಮೆಗಾಹರ್ಟ್ಸ್, ಒಂದು ಆವರ್ತಕ್ಕೆ 5 ನ್ಯಾನೊಸೆಕೆಂಡ್. ಅಂಥ ಪಟ್ಟಿ 3 ಆವರ್ತ ಕಾದರೆ 15 ನ್ಯಾನೊಸೆಕೆಂಡ್. ಹೊಸದರ ಗಡಿಯಾರ 1600 ಮೆಗಾಹರ್ಟ್ಸ್, ಆವರ್ತಕ್ಕೆ 0.625, ಸಾಮಾನ್ಯ ಪಟ್ಟಿ 22 ಆವರ್ತ ಕಾಯುತ್ತದೆ, ಅಂದರೆ 13.75 ನ್ಯಾನೊಸೆಕೆಂಡ್. ಇಷ್ಟು ವರ್ಷಗಳಲ್ಲಿ ಉಳಿದದ್ದು ಒಂದೂಕಾಲು ನ್ಯಾನೊಸೆಕೆಂಡ್!

ಏಕೆ ಹೀಗೆ? ಡೈನಮಿಕ್ ರ‍್ಯಾಮಿನ ಒಂದು ಕೋಶವೆಂದರೆ ಒಂದು ಟ್ರಾನ್ಸಿಸ್ಟರು, ಒಂದು ಪುಟ್ಟ ಧಾರಕ. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇಂದಿಗೂ ಮೂಲತಃ ಅದೇ. ಆ ಧಾರಕದ ಅತ್ಯಲ್ಪ ಆವೇಶವನ್ನು ಉದ್ದದ ತಂತಿಯ ಮೇಲೆ ಹರಿಸಿ, ವರ್ಧಿಸಿ ಓದಬೇಕು. ತಂತಿಯನ್ನು ಗಿಡ್ಡ ಮಾಡಿದರೆ ವೇಗವೂ ಹೆಚ್ಚುತ್ತದೆ, ಶಕ್ತಿಯೂ ಉಳಿಯುತ್ತದೆ. ಆದರೆ ವರ್ಧಕಗಳು ಹೆಚ್ಚಾಗಿ ಚಿಪ್ಪಿನ ಜಾಗ ತಿನ್ನುತ್ತವೆ, ಬೆಲೆ ಏರುತ್ತದೆ. ತಯಾರಕರು ಆರಿಸಿಕೊಂಡದ್ದು ಅಗ್ಗದ ದಾರಿಯನ್ನು.

ಇನ್ನೂ ವಿಚಿತ್ರವಾದದ್ದಿದೆ. ಡಿಡಿಆರ್4ರ ಎಂಟು ಚಿಪ್ಪುಗಳ ಸಾಮಾನ್ಯ ಪಟ್ಟಿಯಲ್ಲಿ ಪ್ರತಿ ಚಿಪ್ಪೂ ಒಮ್ಮೆಗೆ 1 ಕಿಲೊಬೈಟ್ ಉದ್ದದ ಸಾಲನ್ನು ತೆರೆಯುತ್ತದೆ. ಒಟ್ಟು 8 ಕಿಲೊಬೈಟ್. ಸಂಸ್ಕಾರಕ ಕೇಳಿದ್ದು 64 ಬೈಟ್! ಒಂದು ಪುಸ್ತಕಕ್ಕಾಗಿ ಇಡೀ ಬೀರುವನ್ನು ಕೆಳಗಿಳಿಸಿದಂತೆ. ಓದಿದಾಗ ಕೋಶದ ಆವೇಶ ಅಳಿಯುವುದರಿಂದ ಎಲ್ಲವನ್ನೂ ಮತ್ತೆ ತುಂಬಿಡಬೇಕು. ಸಾಲನ್ನು ತೆರೆದೇ ಇಟ್ಟರೆ ಮುಂದಿನ ಬೇಡಿಕೆಯೂ ಅಲ್ಲಿಯದೇ ಆದಾಗ ಲಾಭ. ಬೇರೆ ಸಾಲಿನದಾದರೆ ಮುಚ್ಚುವ ಹೊತ್ತೂ ಸೇರಿ ವಿಳಂಬ, ತೆರೆದಿಟ್ಟಷ್ಟು ಹೊತ್ತು ಹೆಚ್ಚಿನ ವಿದ್ಯುತ್ತೂ ವ್ಯರ್ಥ. ವೇಗ ಮತ್ತು ವಿದ್ಯುತ್ತಿನ ತಕ್ಕಡಿ ತೂಗುವುದು ಇಲ್ಲಿಯೇ. ಇದರ ಮೇಲೆ, ನೀವು ಗಣಕವನ್ನು ಮುಟ್ಟದೆ ಕುಳಿತರೂ ಸೋರುವ ಆವೇಶವನ್ನು ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ತುಂಬುತ್ತಿರಬೇಕು. ತಾಪ 85 ಡಿಗ್ರಿ ಸೆಲ್ಸಿಯಸ್ ದಾಟಿದರೆ ಇಮ್ಮಡಿ ಬಾರಿ.

ಕ್ಯಾಶಿನಲ್ಲಿರುವ ಸ್ಟ್ಯಾಟಿಕ್ ರ‍್ಯಾಮಿಗೆ ಈ ಮರುಪೂರಣ ಬೇಡ. ಆದರೆ ಕೋಶಕ್ಕೆ ಆರು ಟ್ರಾನ್ಸಿಸ್ಟರು, ಸೋರಿಕೆಯೂ ಉಂಟು.

ಸ್ಟ್ಯಾನ್‌ಫರ್ಡ್‌ನ ಮಾರ್ಕ್ ಹೊರೊವಿಟ್ಜ್ 2014ರಲ್ಲಿ ಕೊಟ್ಟ ಅಂದಾಜು ಇದು: 45 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ 32 ಬಿಟ್‌ನ ಎರಡು ಪೂರ್ಣಾಂಕಗಳನ್ನು ಕೂಡಲು ಸುಮಾರು 0.1 ಪಿಕೊಜೌಲ್, ಸಣ್ಣ ಕ್ಯಾಶಿನಿಂದ 64 ಬಿಟ್ ತರಲು 10, ಡೈನಮಿಕ್ ರ‍್ಯಾಮಿನಿಂದ ತರಲು 1300ರಿಂದ 2600. ಲೆಕ್ಕ ಮಾಡುವುದಕ್ಕಿಂತ ಲೆಕ್ಕದ ಅಂಕಿಗಳನ್ನು ಹೊತ್ತು ತರುವುದೇ ಸಾವಿರಾರು ಪಟ್ಟು ದುಬಾರಿ. ನಾಲ್ಕನೆಯ ಬಾಣವನ್ನು ಬರೆಯದೆ ಇದನ್ನು ಹೇಗೆ ತಿಳಿಸುತ್ತೀರಿ?

"ಪಿಯುಸಿ ಮಕ್ಕಳಿಗೆ ಇಷ್ಟೆಲ್ಲ ಬೇಕೆ?" ಎಂದು ಕೆಲವು ಅಧ್ಯಾಪಕ ಮಿತ್ರರು ಕೇಳಿದ್ದಾರೆ. ಬೇಕಾದ ಭೌತಶಾಸ್ತ್ರ ಅವರಲ್ಲಿ ಆಗಲೇ ಇದೆ. ಧಾರಕದ ಶಕ್ತಿ ವಿಭವಾಂತರದ ವರ್ಗಕ್ಕೆ ಅನುಪಾತೀಯ ಎಂಬುದನ್ನು ದ್ವಿತೀಯ ಪಿಯುಸಿಯಲ್ಲಿ ಓದುತ್ತಾರೆ. ಮೊದಲ ಡಿಡಿಆರ್‌ಗೆ 2.5 ವೋಲ್ಟ್, ಡಿಡಿಆರ್5ಕ್ಕೆ 1.1 ವೋಲ್ಟ್. ಧಾರಕತೆ ಒಂದೇ ಎಂದಿಟ್ಟುಕೊಂಡರೆ ಶಕ್ತಿ ಐದನೆಯ ಒಂದು ಭಾಗಕ್ಕೆ ಇಳಿಯಿತು. ಹುಡುಗರೇ ಲೆಕ್ಕ ಮಾಡಲಿ. ಶಕ್ತಿ ಬೇರೆ, ಸಾಮರ್ಥ್ಯ ಬೇರೆ ಎಂಬುದನ್ನೂ ಇಲ್ಲಿಯೇ ಹೇಳಬಹುದು. ವೇಗದ ಸ್ಮೃತಿ ಕ್ಷಣಕ್ಕೆ ಹೆಚ್ಚು ವ್ಯಾಟ್ ತಿಂದರೂ ಬೇಗ ಕೆಲಸ ಮುಗಿಸಿ ಮಲಗಿದರೆ, ಬ್ಯಾಟರಿಯಿಂದ ಒಟ್ಟು ಹೀರಿದ ಜೌಲ್‌ಗಳು ಕಡಿಮೆಯಾಗಲೂಬಹುದು.

ಉದಾಹರಣೆಗೆ ದೂರ ಹೋಗಬೇಕಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಸೇರಿ 2001ರಲ್ಲಿ ಬೆಂಗಳೂರಿನಲ್ಲಿ ಪ್ರದರ್ಶಿಸಿದ ಸಿಂಪ್ಯೂಟರ್ ಇದೆಯಲ್ಲ! ಹಳ್ಳಿಯವರ ಕೈಗೆ ಕೊಡಬೇಕಾದ ಆ ಯಂತ್ರ ನಡೆಯಬೇಕಾದದ್ದು ಬ್ಯಾಟರಿಯ ಮೇಲೆ. ಅದಕ್ಕೇ ಮೇಜುಗಣಕದ ಸಂಸ್ಕಾರಕ ಬಿಟ್ಟು ಮಿತವ್ಯಯದ ಸ್ಟ್ರಾಂಗ್‌ಆರ್ಮ್, ತಿರುಗುವ ಡಿಸ್ಕಿನ ಬದಲು ವಿದ್ಯುತ್ ಹೋದರೂ ಮರೆಯದ ಫ್ಲ್ಯಾಶ್ ಸ್ಮೃತಿ. ಮಾರುಕಟ್ಟೆಯಲ್ಲಿ ಅದು ಸೋತ ಕಥೆಯನ್ನೇ ಎಲ್ಲರೂ ಹೇಳುತ್ತಾರೆ. ಈ ಆಯ್ಕೆಗಳನ್ನು ಪಾಠವಾಗಿ ಹೇಳಿದವರನ್ನು ನಾನು ಹೆಚ್ಚು ಕಂಡಿಲ್ಲ.

ಸ್ಮೃತಿ ಚಿಪ್ಪಿನ ತಯಾರಕರು ಪ್ರಕಟಿಸುವ ಮಾಹಿತಿ ಪತ್ರಿಕೆಯಲ್ಲಿ ಸಾಲು ತೆರೆದಾಗ, ಓದುವಾಗ, ಮರುಪೂರಣದಲ್ಲಿ, ಸುಮ್ಮನಿದ್ದಾಗ ಎಷ್ಟು ಮಿಲಿಆಂಪಿಯರ್ ಎಂದು ಬೇರೆ ಬೇರೆಯಾಗಿ ಕೊಟ್ಟಿರುತ್ತಾರೆ. ಒಂದನ್ನು ಮುದ್ರಿಸಿ ತರಗತಿಗೆ ಒಯ್ಯಿರಿ. ವಿಭವಾಂತರದಿಂದ ಗುಣಿಸಿದರೆ ವ್ಯಾಟ್ ಸಿಕ್ಕಿತು. ಒಂದು ಪೀರಿಯಡ್ಡು ಸಾಕು.