ತಾಯಿಯ ಹೆಸರಿನಿಂದ ಶುರುಮಾಡಿ

1850ರ ಅಮೆರಿಕದ ಜನಗಣತಿಯಲ್ಲಿ ಗುಲಾಮರಿಗೆಂದೇ ಬೇರೆ ಹಾಳೆಗಳಿದ್ದವು. ಎಡತುದಿಯಲ್ಲಿ ಒಡೆಯನ ಹೆಸರು. ಅದರ ಪಕ್ಕದಲ್ಲಿ ಆತನಿಗೆ ಸೇರಿದ ಒಬ್ಬೊಬ್ಬರಿಗೂ ಒಂದೊಂದು ಸಾಲು. ವಯಸ್ಸು ಎಷ್ಟು, ಗಂಡೋ ಹೆಣ್ಣೋ, ಬಣ್ಣ ಯಾವುದು. ಬಣ್ಣದ ಕಾಲಂನಲ್ಲಿ 'ಬಿ' ಎಂದಿದ್ದರೆ ಕಪ್ಪು, 'ಎಂ' ಎಂದಿದ್ದರೆ ಮಿಶ್ರವರ್ಣ. ಮುಂದಕ್ಕೆ ಓಡಿಹೋದವರೆಷ್ಟು, ಬಿಡುಗಡೆ ಪಡೆದವರೆಷ್ಟು, ಕುರುಡರೋ ಕಿವುಡರೋ ಎಂದು ಕೇಳುವ ಕಾಲಂಗಳು. ಹೆಸರಿಗೆ ಮಾತ್ರ ಜಾಗವೇ ಇಲ್ಲ. ಎಂಟು ವರ್ಷದ 'ಎಂ' ಮಗುವೊಂದು ಆ ಹಾಳೆಯಲ್ಲಿ ಕಂಡರೆ ಅದರ ಅಪ್ಪ ಯಾರು ಎಂಬ ಪ್ರಶ್ನೆಗೆ ಉತ್ತರ ಎಷ್ಟೋ ಸಲ ಅದೇ ಹಾಳೆಯ ಎಡತುದಿಯಲ್ಲಿರುತ್ತದೆ. ಸೌತ್ ಕ್ಯಾರೊಲೈನಾದ ಚಾರ್ಲ್ಸ್‌ಟನ್ನಿನಂಥ ಊರಿನಲ್ಲಿ ಆ ಎಡತುದಿಯ ಹೆಸರು ಒಮ್ಮೊಮ್ಮೆ ಕೋಹೆನ್, ಲೆವಿ, ಮೋಸೆಸ್ ಎಂಬ ಯಹೂದಿ ಹೆಸರು.

ವಂಶಾವಳಿ ಹುಡುಕುವ ಹವ್ಯಾಸದಲ್ಲಿ ಕಷ್ಟದ ದಾರಿಗಳಿಗೆ ಕೊರತೆಯಿಲ್ಲ. ನನ್ನ ಮಟ್ಟಿಗೆ ಎಲ್ಲಕ್ಕಿಂತ ಕಠಿಣವಾದದ್ದು, ಹಾಗೆಯೇ ಎಲ್ಲಕ್ಕಿಂತ ಹೆಚ್ಚು ಮನಸ್ಸನ್ನು ಹಿಡಿದಿಡುವಂಥದ್ದು, ಅಮೆರಿಕದ ಕಪ್ಪುಜನರ ಬೇರು ಮತ್ತು ಯಹೂದಿಗಳ ಬೇರು ಒಂದೇ ಮನೆಯಲ್ಲಿ ಕೂಡಿದ ಕುಟುಂಬಗಳ ಹುಡುಕಾಟ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಗುಲಾಮರನ್ನು ಇಟ್ಟುಕೊಂಡ ದಕ್ಷಿಣದ ಬಿಳಿಯರಲ್ಲಿ ಯಹೂದಿಗಳು ತೀರಾ ಸಣ್ಣ ಪಾಲು. ಇಟ್ಟುಕೊಂಡವರು ನೆರೆಹೊರೆಯವರಿಗಿಂತ ಕೆಟ್ಟವರೂ ಆಗಿರಲಿಲ್ಲ, ಒಳ್ಳೆಯವರೂ ಆಗಿರಲಿಲ್ಲ. ಈ ವಿಷಯವನ್ನು ದ್ವೇಷಕ್ಕೆ ಬಳಸುವವರು ಇದ್ದಾರೆ. ದಾಖಲೆ ಓದುವವರು ಆ ಸಹವಾಸಕ್ಕೆ ಹೋಗಬಾರದು.

ಈ ಹುಡುಕಾಟದ ಕೀಲಿ ಎರಡು ಕಾನೂನುಗಳಲ್ಲಿದೆ. 1662ರಲ್ಲಿ ವರ್ಜೀನಿಯಾ ವಸಾಹತು, ಮಗು ಸ್ವತಂತ್ರವೋ ಗುಲಾಮವೋ ಎಂಬುದು ತಾಯಿಯ ಸ್ಥಿತಿಯಿಂದಲೇ ತೀರ್ಮಾನವಾಗಬೇಕು ಎಂದು ವಿಧಿಸಿತು. ಇಂಗ್ಲೆಂಡಿನ ಪದ್ಧತಿಯಲ್ಲಿ ಮಗುವಿನ ಸ್ಥಾನಮಾನ ತಂದೆಯಿಂದ ಬರುತ್ತಿತ್ತು. ಅದನ್ನು ತಿರುವುಮುರುವು ಮಾಡಿದ್ದರಿಂದ ಒಡೆಯರು ತಮಗೇ ಹುಟ್ಟಿದ ಮಕ್ಕಳನ್ನು ಆಸ್ತಿಯ ಲೆಕ್ಕಕ್ಕೆ ಸೇರಿಸಿಕೊಂಡರು. ಯಹೂದಿ ಧರ್ಮಶಾಸ್ತ್ರವೂ, ಪೂರ್ತಿ ಬೇರೆಯದೇ ಕಾರಣಕ್ಕೆ, ತಾಯಿಯನ್ನೇ ಕೇಳುತ್ತದೆ. ತಾಯಿ ಯಹೂದಿಯಾದರೆ ಮಗು ಯಹೂದಿ. ಈಗ ಯಹೂದಿ ತಂದೆಗೂ ಗುಲಾಮ ತಾಯಿಗೂ ಹುಟ್ಟಿದ ಮಗುವನ್ನು ಯೋಚಿಸಿ. ತಂದೆಯಿಂದ ಅದಕ್ಕೆ ಸ್ವಾತಂತ್ರ್ಯವೂ ಬರಲಿಲ್ಲ, ಧರ್ಮವೂ ಬರಲಿಲ್ಲ. ಮತಾಂತರವಾಗಿ ಒಳಗೆ ಬರೋಣವೆಂದರೆ ಚಾರ್ಲ್ಸ್‌ಟನ್ನಿನ ಬೆತ್ ಎಲೋಹಿಮ್ ಎಂಬ ಯಹೂದಿ ಪ್ರಾರ್ಥನಾಮಂದಿರ (ಸಿನಗಾಗ್) 1820ರ ತನ್ನ ನಿಯಮಾವಳಿಯಲ್ಲಿ ವರ್ಣೀಯರಾದ ಮತಾಂತರಿಗಳಿಗೆ ಪ್ರವೇಶವಿಲ್ಲವೆಂದು ಬರೆದಿಟ್ಟಿತ್ತು. ಹೀಗಾಗಿ ಸಿನಗಾಗ್‌ನ ಪುಸ್ತಕದಲ್ಲೂ ಕೋರ್ಟಿನ ಕಡತದಲ್ಲೂ ತಂದೆ ಮಗುವಿನ ಪಕ್ಕದಲ್ಲಿ ಕಾಣಸಿಗುವುದು ಅಪರೂಪ. ತಂದೆಯ ಮನೆತನದ ಹೆಸರು ಹಿಡಿದು ಹೊರಟವರು ಬರಿಗೈಲಿ ಬರುವುದು ಇದಕ್ಕೇ. ಹಿಡಿಯಬೇಕಾದದ್ದು ತಾಯಿಯನ್ನು. ಅವಳು ಎಲ್ಲಿದ್ದಳು, ಯಾರ ಮನೆಯಲ್ಲಿದ್ದಳು, ಯಾವಾಗ ಬಿಡುಗಡೆಯಾದಳು ಎಂದು ತಿಳಿದರೆ ತಂದೆ ತಾನಾಗಿ ಹತ್ತಿರ ಬರುತ್ತಾನೆ.

ಫ್ರಾನ್ಸಿಸ್ ಕಾರ್ಡೋಜೊ ಅವರ ಕತೆ ಇದಕ್ಕೆ ಸಾಕ್ಷಿ. ಚಾರ್ಲ್ಸ್‌ಟನ್ನಿನಲ್ಲಿ ಹುಟ್ಟಿ, ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿ, ಕ್ರೈಸ್ತ ಪಾದ್ರಿಯಾಗಿ, 1868ರಲ್ಲಿ ಸೌತ್ ಕ್ಯಾರೊಲೈನಾದ ಸೆಕ್ರೆಟರಿ ಆಫ್ ಸ್ಟೇಟ್ ಹುದ್ದೆಗೆ ಗೆದ್ದು ಬಂದವರು. ಇಡೀ ರಾಜ್ಯದ ಮತ ಪಡೆದು ಇಂಥ ಹುದ್ದೆಗೇರಿದ ಮೊದಲ ಕಪ್ಪು ಅಮೆರಿಕನ್. ತಾಯಿ ಲಿಡಿಯಾ ವೆಸ್ಟನ್, ಸ್ವತಂತ್ರ ವರ್ಣೀಯ ಮಹಿಳೆ. ಅವರ ಬಗ್ಗೆ ಗೊಂದಲವಿಲ್ಲ. ತಂದೆಯ ವಿಷಯಕ್ಕೆ ಬಂದರೆ ಪುಸ್ತಕಗಳು ಜಗಳಕ್ಕೆ ನಿಲ್ಲುತ್ತವೆ. ಕೆಲವು ಹಳೆಯ ಬರಹಗಳು ಪತ್ರಿಕಾ ಸಂಪಾದಕ, ಅರ್ಥಶಾಸ್ತ್ರಜ್ಞ ಜೇಕಬ್ ಕಾರ್ಡೋಜೊ ಎನ್ನುತ್ತವೆ. ಈಗಿನ ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುವುದು ಆತನ ಸಹೋದರ, ಬಂದರಿನ ಸುಂಕದ ಕಟ್ಟೆಯಲ್ಲಿ ಕೆಲಸಕ್ಕಿದ್ದ ಐಸಾಕ್ ಕಾರ್ಡೋಜೊನನ್ನು. ಜೇಕಬ್‌ನ ಹೆಸರು ಅಂಟಿಕೊಂಡದ್ದೇಕೆ? ಆತ ಹೆಸರುವಾಸಿ, ಅಷ್ಟೇ. ಈ ಹವ್ಯಾಸಕ್ಕೆ ಹತ್ತುವ ದೊಡ್ಡ ರೋಗ ಇದೇ. ಇಬ್ಬರು ಅಣ್ಣತಮ್ಮಂದಿರಿದ್ದರೆ ಕೈ ತಾನಾಗಿ ಪ್ರಸಿದ್ಧನ ಕಡೆಗೆ ಹೋಗುತ್ತದೆ. ಕಾರ್ಡೋಜೊ ಎಂಬ ಹೆಸರು ಕಂಡ ಕೂಡಲೇ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಬೆಂಜಮಿನ್ ಕಾರ್ಡೋಜೊ ಅವರನ್ನೂ ಮರಕ್ಕೆ ಕಟ್ಟಿಬಿಡುವ ಆತುರ ಬರುತ್ತದೆ. ಆ ಕೊಂಬೆ ಬಹಳ ದೂರದ್ದು. ಗಾಯಕ ಪಾಲ್ ರೋಬ್ಸನ್ ಅವರ ಪತ್ನಿ, ಮಾನವಶಾಸ್ತ್ರಜ್ಞೆ ಎಸ್ಲಾಂಡಾ ಗೂಡ್ ಮಾತ್ರ ಫ್ರಾನ್ಸಿಸ್ ಅವರ ಸ್ವಂತ ಮೊಮ್ಮಗಳು.

ಚಾರ್ಲ್ಸ್‌ಟನ್ನಿನಲ್ಲಿ ಲಿಡಿಯಾ ಅವರಂಥ ತಾಯಂದಿರನ್ನು ಹುಡುಕಲು ಒಂದು ಒಳ್ಳೆಯ ದಾಖಲೆ ಉಂಟು. ಸ್ವತಂತ್ರ ವರ್ಣೀಯರ ಮೇಲೆ ಸರ್ಕಾರ ತಲೆಗಂದಾಯ ಹೇರಿತ್ತು. ಆ ಕಂದಾಯದ ಪುಸ್ತಕಗಳು ಉಳಿದಿವೆ. ಅವಮಾನಿಸಲು ಬರೆದ ಪಟ್ಟಿಯೇ ಇವತ್ತು ಹೆಸರು ಉಳಿಸಿಕೊಟ್ಟಿದೆ.

ಇನ್ನೊಂದು ಮನೆತನದ ಕತೆ ಇದಕ್ಕಿಂತ ದೊಡ್ಡದು. ನ್ಯೂಯಾರ್ಕಿನ ಬ್ಲಾಂಚ್ ಮೋಸೆಸ್ ಎಂಬ ಶ್ರೀಮಂತ ಯಹೂದಿ ಮಹಿಳೆ ಜೀವನವಿಡೀ ತಮ್ಮ ವಂಶಾವಳಿ ಕೂಡಿಸಿದವರು. ತಾಯಿಯ ಕಡೆಯವರು ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ಡಿ ಗಣ್ಯರು ಎಂದು ಗಟ್ಟಿಯಾಗಿ ನಂಬಿದ್ದರು. ಅವರ ಬಳಿ ಅಜ್ಜಿ ಸಾರಾ ಬ್ರಾಂಡನ್ ಮತ್ತು ಅಜ್ಜಿಯ ಅಣ್ಣ ಐಸಾಕ್ ಅವರ ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟದಾದ, ದಂತದ ಮೇಲೆ ಬರೆದ ಎರಡು ಚಿತ್ರಗಳಿದ್ದವು. ಆದರೆ ಅಜ್ಜಿಯ ತಾಯಿ ಯಾರೆಂಬಲ್ಲಿ ಹುಡುಕಾಟ ನಿಂತುಬಿಟ್ಟಿತ್ತು. ಮುಂದೆ ಲಾರಾ ಲೀಬ್‌ಮನ್ ಎಂಬ ವಿದ್ವಾಂಸೆ ಆ ಚಿತ್ರಗಳ ಬೆನ್ನುಹತ್ತಿ 2021ರಲ್ಲಿ 'ಒನ್ಸ್ ವಿ ವರ್ ಸ್ಲೇವ್ಸ್' ಎಂಬ ಪುಸ್ತಕ ತಂದರು. ಸಾರಾ ಮತ್ತು ಐಸಾಕ್ ಹುಟ್ಟಿದ್ದು ಕೆರಿಬಿಯನ್ ದ್ವೀಪವಾದ ಬಾರ್ಬಡೋಸ್‌ನಲ್ಲಿ, ಒಂದು ಯಹೂದಿ ಮನೆಯ ಗುಲಾಮರಾಗಿ. ತಂದೆ ಅಬ್ರಹಾಂ ರೋಡ್ರಿಗಸ್ ಬ್ರಾಂಡನ್ ಅಲ್ಲಿನ ಸಿರಿವಂತ ಯಹೂದಿ. ತಾಯಿ ಗುಲಾಮಳು. ಮಕ್ಕಳು ಬಿಡುಗಡೆ ಪಡೆದರು, ಸುರಿನಾಮ್‌ಗೆ ಹೋಗಿ ವಿಧಿವತ್ತಾಗಿ ಯಹೂದಿ ಧರ್ಮ ಸೇರಿದರು. ಸಾರಾ 1817ರಲ್ಲಿ ಲಂಡನ್ನಿನಲ್ಲಿ ಅಮೆರಿಕದ ವರ್ತಕ ಜೋಶುವಾ ಮೋಸೆಸ್‌ನನ್ನು ಮದುವೆಯಾಗಿ ನ್ಯೂಯಾರ್ಕಿಗೆ ಬಂದರು. ಒಂದೇ ಜೀವಮಾನದಲ್ಲಿ ಗುಲಾಮಳಿಂದ ಗೃಹಿಣಿ, ಕಪ್ಪಿನ ಲೆಕ್ಕದಿಂದ ಬಿಳಿಯ ಲೆಕ್ಕ. ಬ್ಲಾಂಚ್ ಅವರಿಗೆ ಕಾಗದಗಳ ಕೊರತೆಯಿರಲಿಲ್ಲ. ಅವರು ಗಣ್ಯರನ್ನು ಹುಡುಕುತ್ತಿದ್ದರು. ಅಜ್ಜಿಯ ತಾಯಿ ಇದ್ದದ್ದು ಗಣ್ಯರು ಯಾರೂ ನೋಡದ ಕಡತದಲ್ಲಿ.

ಹೆಚ್ಚಿನ ಕುಟುಂಬಗಳಿಗೆ ಇಂಥ ಚಿತ್ರಗಳಿರುವುದಿಲ್ಲ. ಅವರು ಬಂದು ನಿಲ್ಲುವುದು 1870ರ ಜನಗಣತಿಯ ಮುಂದೆ. ಗುಲಾಮಗಿರಿಯಿಂದ ಬಿಡುಗಡೆಯಾದವರ ಹೆಸರನ್ನು ಮೊದಲ ಬಾರಿಗೆ ಎಲ್ಲರಂತೆ ಬರೆದುಕೊಂಡದ್ದು ಆಗ. ಅದರ ಹಿಂದೆ ಗೋಡೆ. ಈ ಗೋಡೆಯಲ್ಲಿ ನನಗೆ ಬಲು ಪ್ರಿಯವಾದ ಕಿಂಡಿ ಎಂದರೆ ಫ್ರೀಡ್‌ಮನ್ಸ್ ಬ್ಯಾಂಕಿನ ರಿಜಿಸ್ಟರುಗಳು. 1865ರಲ್ಲಿ ಶುರುವಾಗಿ 1874ರಲ್ಲಿ ಮುಳುಗಿದ ಬ್ಯಾಂಕು ಅದು. ಬಡವರ ಉಳಿತಾಯವನ್ನು ನುಂಗಿತು. ಆದರೆ ಖಾತೆ ತೆರೆಯಲು ಬಂದವರನ್ನು ಗುರುತು ಹಿಡಿಯಲೆಂದು ಗುಮಾಸ್ತರು ಮನೆಯ ಕತೆಯನ್ನೇ ಬರೆಸಿಕೊಂಡಿದ್ದರು. ಹುಟ್ಟಿದ್ದೆಲ್ಲಿ, ಬೆಳೆದದ್ದೆಲ್ಲಿ, ಮೈಬಣ್ಣ ಎಂಥದು, ಹಳೆಯ ಒಡೆಯ ಯಾರು, ಗಂಡ ಅಥವಾ ಹೆಂಡತಿ, ಮಕ್ಕಳು, ತಂದೆ, ತಾಯಿ, ಒಡಹುಟ್ಟಿದವರು. ಅಡಿಯಲ್ಲಿ ಸಹಿ, ಸಹಿ ಬಾರದವರದು ಒಂದು ಕತ್ತರಿ ಗುರುತು. ಸುಮಾರು 4,80,000 ಜನರ ಹೆಸರು ಈ ಪುಸ್ತಕಗಳಲ್ಲಿವೆ. ಫ್ಯಾಮಿಲಿಸರ್ಚ್ ತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು. ತಂದೆಯ ಜಾಗ ಖಾಲಿ ಇದ್ದರೂ ತಾಯಿ ಮತ್ತು ಒಡೆಯ ಇಬ್ಬರ ಹೆಸರೂ ಒಂದೇ ಹಾಳೆಯಲ್ಲಿ ಸಿಕ್ಕರೆ ಅರ್ಧ ಕೆಲಸ ಆದಂತೆ.

ಹಾಗೆಂದು ಎಲ್ಲ ಯಹೂದಿ ತಂದೆಯರೂ ಒಡೆಯರಲ್ಲ. ಲೇಖಕ ಜೂಲಿಯಸ್ ಲೆಸ್ಟರ್ ಅವರ ತಾಯಿಯ ಕಡೆಯ ಮುತ್ತಜ್ಜ ಅಡಾಲ್ಫ್ ಆಲ್ಟ್‌ಷುಲ್ ಜರ್ಮನಿಯಿಂದ ವಲಸೆ ಬಂದ ಯಹೂದಿ. ಆರ್ಕನ್ಸಾದ ಪೈನ್ ಬ್ಲಫ್‌ನಲ್ಲಿ ಗುಲಾಮಗಿರಿಯಿಂದ ಬಿಡುಗಡೆಯಾದ ಹೆಣ್ಣಿನೊಡನೆ ಸಂಸಾರ ಹೂಡಿದವರು. ಮೆಥಡಿಸ್ಟ್ ಪಾದ್ರಿಯ ಮಗನಾದ ಲೆಸ್ಟರ್ 1982ರಲ್ಲಿ ಯಹೂದಿ ಧರ್ಮ ಸೇರಿದರು. ಮುತ್ತಜ್ಜನ ರಕ್ತ ಧರ್ಮಶಾಸ್ತ್ರದ ಲೆಕ್ಕಕ್ಕೆ ಬರದ ಕಾರಣ ಹೊಸದಾಗಿಯೇ ಸೇರಬೇಕಾಯಿತು.

ಯಹೂದಿ ಕಡೆಯವಳು ತಾಯಿಯಾದಾಗ ಚಿತ್ರ ತಲೆಕೆಳಗಾಗುತ್ತದೆ. 'ದಿ ಕಲರ್ ಆಫ್ ವಾಟರ್' ಬರೆದ ಜೇಮ್ಸ್ ಮೆಕ್‌ಬ್ರೈಡ್ ಅವರ ತಾಯಿ ರೂತ್ 1921ರಲ್ಲಿ ಪೋಲೆಂಡಿನಲ್ಲಿ ಹುಟ್ಟಿ, ಕೂಸಾಗಿದ್ದಾಗಲೇ ಅಮೆರಿಕಕ್ಕೆ ಬಂದವರು. ತಂದೆ ಸಂಪ್ರದಾಯಸ್ಥ ರಬ್ಬಿ, ಎಂದರೆ ಯಹೂದಿ ಧರ್ಮಗುರು. ವರ್ಜೀನಿಯಾದ ಸಫೋಕ್‌ನಲ್ಲಿ ಕಪ್ಪುಜನರ ಕೇರಿಯಲ್ಲಿ ದಿನಸಿ ಅಂಗಡಿ. ಅಲ್ಲಿ 1924ರ ಕಾನೂನು ಬಿಳಿಯರು ಕಪ್ಪುಜನರನ್ನು ಮದುವೆಯಾಗುವುದನ್ನು ನಿಷೇಧಿಸಿತ್ತು. ರೂತ್ ನ್ಯೂಯಾರ್ಕಿಗೆ ಹೋದರು, 1942ರಲ್ಲಿ ಆಂಡ್ರ್ಯೂ ಮೆಕ್‌ಬ್ರೈಡ್ ಅವರನ್ನು ಮದುವೆಯಾದರು. ತವರಿನವರು ಮಗಳು ಸತ್ತಳೆಂದು ಶಿವಾ ಕೂತರು, ಎಂದರೆ ಏಳು ದಿನದ ಸೂತಕ ಆಚರಿಸಿದರು. ರೂತ್ ಅವರ 12 ಮಕ್ಕಳು ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬೆಳೆದರು. ಧರ್ಮಶಾಸ್ತ್ರದ ಪ್ರಕಾರ ಹನ್ನೆರಡೂ ಮಕ್ಕಳು ಯಹೂದಿಗಳು. ತವರಿನ ಮಟ್ಟಿಗೆ ಹುಟ್ಟಿಯೇ ಇಲ್ಲ. ಇಂಥ ಮನೆಗಳಲ್ಲಿ ಅಜ್ಜ ಅಜ್ಜಿಯ ನಿಧನದ ಸುದ್ದಿಯಲ್ಲಿ ಮಕ್ಕಳ ಪಟ್ಟಿ ಓದುವಾಗ ಎಣಿಸಬೇಕು. 1900 ಮತ್ತು 1910ರ ಜನಗಣತಿ ತಾಯಂದಿರನ್ನು ಹೆತ್ತ ಮಕ್ಕಳೆಷ್ಟು, ಬದುಕಿರುವವರೆಷ್ಟು ಎಂದು ಕೇಳಿದೆ. ಆ ಲೆಕ್ಕಕ್ಕೂ ಪತ್ರಿಕೆಯ ಪಟ್ಟಿಗೂ ತಾಳೆಯಾಗದಿದ್ದರೆ ಕೈಬಿಟ್ಟ ಮಗಳೊಬ್ಬಳು ಎಲ್ಲೋ ಇದ್ದಾಳೆಂದು ಅನುಮಾನಿಸಬಹುದು.

ರೂತ್ ಅವರ ಹೆಸರನ್ನೇ ನೋಡಿ. ಹುಟ್ಟಿದಾಗ ರುಹೆಲ್ ಜಿಲ್ಸ್ಕಾ, ಅಮೆರಿಕದಲ್ಲಿ ರೇಚೆಲ್ ಶಿಲ್ಸ್ಕಿ, ಆಮೇಲೆ ರೂತ್ ಮೆಕ್‌ಬ್ರೈಡ್. ಅಮೆರಿಕದ ದಾಖಲೆ ಕಚೇರಿಗಳು ಉಚ್ಚಾರಣೆ ಹಿಡಿದು ಹೆಸರು ಜೋಡಿಸಲು ಬಳಸುವ ಸೌಂಡೆಕ್ಸ್ ಪದ್ಧತಿಯಲ್ಲಿ ಜಿಲ್ಸ್ಕಾಗೆ ಜೆಡ್420, ಶಿಲ್ಸ್ಕಿಗೆ ಎಸ್420 ಬರುತ್ತದೆ. ಮೊದಲ ಅಕ್ಷರ ಬೇರೆಯಾದ್ದರಿಂದ ಎರಡೂ ಬೇರೆ ಬೇರೆ ಗೂಡಿಗೆ ಹೋಗುತ್ತವೆ. 1985ರಲ್ಲಿ ರ್‍ಯಾಂಡಿ ಡೈಚ್ ಮತ್ತು ಗ್ಯಾರಿ ಮೊಕೊಟಾಫ್ ಪೂರ್ವ ಯುರೋಪಿನ ಹೆಸರುಗಳಿಗೆಂದೇ ರೂಪಿಸಿದ ಪದ್ಧತಿಯಲ್ಲಿ ಎರಡಕ್ಕೂ ಬರುವುದು 484500. ಒಂದೇ ಗೂಡು. ಯಹೂದಿ ಕಡೆಯನ್ನು ಹುಡುಕುವಾಗ ಯಾವ ಪದ್ಧತಿಯಲ್ಲಿ ಹುಡುಕುತ್ತಿದ್ದೇವೆಂದು ಮೊದಲು ನೋಡಿಕೊಳ್ಳಿ ಎಂದು ನಾನು ಎಲ್ಲರಿಗೂ ಹೇಳುವುದು ಇದಕ್ಕೇ. ಯಹೂದಿ ಸಮಾಧಿಕಲ್ಲನ್ನೂ ಬಿಡಬೇಡಿ. ಅದರ ಹೀಬ್ರೂ ಸಾಲಿನಲ್ಲಿ ಇಂಥವರ ಮಗ, ಇಂಥವರ ಮಗಳು ಎಂದು ತಂದೆಯ ಹೆಸರಿರುತ್ತದೆ. ಒಂದು ಕಲ್ಲಿಗೆ ಒಂದು ತಲೆಮಾರು ಹಿಂದಕ್ಕೆ. ಕಪ್ಪುಜನರ ಕಡೆಯಲ್ಲಿ ಅಷ್ಟೇ ಬೆಲೆಬಾಳುವುದು ಚರ್ಚಿನಲ್ಲಿ ಅಂತ್ಯಕ್ರಿಯೆಯ ದಿನ ಹಂಚುವ ಕಿರುಹೊತ್ತಗೆ. ಸತ್ತವರ ಬದುಕು, ಹೆತ್ತವರು, ಬಂಧುಗಳ ಪಟ್ಟಿ ಅದರಲ್ಲಿರುತ್ತದೆ. ಅಟ್ಟದ ಪೆಟ್ಟಿಗೆಯಲ್ಲಿ ಅಂಥದ್ದೊಂದು ಸಿಕ್ಕರೆ ಬಿಸಾಡಬಾರದು.

ಇನ್ನು ಡಿಎನ್‌ಎ. ಮೊದಲು ಅದನ್ನೇ ಕೊಳ್ಳುವವರು ಹೆಚ್ಚು. ನನ್ನ ಪಟ್ಟಿಯಲ್ಲಿ ಅದು ಕೊನೆಯದು. 2015ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ ಕಪ್ಪು ಅಮೆರಿಕನ್ನರ ವಂಶವಾಹಿಗಳಲ್ಲಿ ಸರಾಸರಿ 24% ಯುರೋಪಿನದು. ಅದರಲ್ಲಿ ಯಹೂದಿ ಪಾಲನ್ನು ಬಿಡಿಸಿ ನೋಡುವುದು ಸುಲಭವಲ್ಲ. ಪೂರ್ವ ಯುರೋಪಿನ ಅಶ್ಕೆನಾಜಿ ಯಹೂದಿಯೊಬ್ಬ ಮುತ್ತಜ್ಜನ ಅಪ್ಪನಾಗಿದ್ದರೆ ಸುಮಾರು 6% ಕಾಣಬಹುದು. ಇನ್ನೆರಡು ತಲೆಮಾರು ಹಿಂದೆ ಹೋದರೆ ನಂಬುವಂತಿಲ್ಲ. ಇನ್ನೂರು ವರ್ಷದ ಹಿಂದಿನ ಸೆಫಾರ್ಡಿ ಪೂರ್ವಜರಂತೂ ಶೇಕಡಾವಾರು ಚಿತ್ರದಲ್ಲಿ ಗುರುತು ಸಿಗುವುದು ಕಷ್ಟ. ಇನ್ನೊಂದು ತೊಡಕು ಅಶ್ಕೆನಾಜಿಗಳ ಒಳಸಂಬಂಧದ್ದು. ಆರೇಳು ನೂರು ವರ್ಷಗಳ ಹಿಂದೆ ಆ ಸಮುದಾಯ ಕೆಲವೇ ನೂರು ಮಂದಿಗೆ ಇಳಿದು ಮತ್ತೆ ಬೆಳೆದದ್ದು. ಸೋದರಮಾವ, ಅತ್ತೆಮಗ ಎಂದು ಒಳಗೊಳಗೇ ಹೆಣ್ಣು ಕೊಡುವ ನಮ್ಮ ಮನೆಗಳಲ್ಲಿ ಒಬ್ಬನೇ ಮುತ್ತಜ್ಜ ಎರಡು ಮೂರು ದಾರಿಯಿಂದ ಬರುವಂತೆ, ಅಲ್ಲಿ ಪರಿಚಯವೇ ಇಲ್ಲದ ಇಬ್ಬರು ಕೂಡ ಡಿಎನ್‌ಎ ಫಲಿತಾಂಶದಲ್ಲಿ ಹತ್ತಿರದ ದಾಯಾದಿಗಳಂತೆ ಕಾಣುತ್ತಾರೆ. ಹೀಗಾಗಿ ಮಿಶ್ರ ಕುಟುಂಬದವರಿಗೆ ಡಿಎನ್‌ಎ ತಾಳೆಯಾದವರ ಪಟ್ಟಿಯ ಮೇಲ್ಭಾಗ ಯಹೂದಿ ಹೆಸರುಗಳಿಂದಲೇ ತುಂಬಿ, ನಿಜವಾಗಿ ಹತ್ತಿರದವರಾದ ಕಪ್ಪು ಬಂಧುಗಳು ಕೆಳಗೆ ಹೂತುಹೋಗಬಹುದು. ಇಬ್ಬರು ಹಂಚಿಕೊಂಡ ಡಿಎನ್‌ಎಯ ಒಟ್ಟು ಅಳತೆ ನೋಡಬೇಡಿ, ಒಂದೇ ತುಂಡು ಎಷ್ಟು ಉದ್ದವಿದೆ ನೋಡಿ. ತುಂಡು ತುಂಡಾಗಿ ಸೇರಿ ದೊಡ್ಡದಾದದ್ದಕ್ಕೆ ಬೆಲೆ ಕಡಿಮೆ.

1977ರಲ್ಲಿ ಗುಲಾಮ ಕುಟುಂಬವೊಂದರ ತಲೆಮಾರುಗಳ ಕತೆ ಹೇಳುವ ಅಲೆಕ್ಸ್ ಹೇಲಿಯವರ 'ರೂಟ್ಸ್' ಟಿವಿಯಲ್ಲಿ ಬಂತು. ಅದೇ ವರ್ಷ ಕಪ್ಪುಜನರ ವಂಶಾವಳಿ ಸಂಘ ವಾಷಿಂಗ್ಟನ್ನಿನಲ್ಲಿ ಹುಟ್ಟಿತು, ಯಹೂದಿ ವಂಶಾವಳಿ ಸಂಘ ನ್ಯೂಯಾರ್ಕಿನಲ್ಲಿ ಹುಟ್ಟಿತು. ಎರಡೂ ಹಿರಿಯ ಸಂಘಗಳು, ಎರಡೂ ಒಳ್ಳೆಯ ಕೆಲಸ ಮಾಡಿವೆ. ಎರಡೂ ಕಡೆ ಸದಸ್ಯರಾಗಬೇಕಾದವರು ಈ ಮನೆತನಗಳವರು. ಒಂದು ಕಡೆಯವರಿಗೆ 1870ರ ಗೋಡೆ ಗೊತ್ತು, ಇನ್ನೊಂದು ಕಡೆಯವರಿಗೆ ಪೋಲೆಂಡಿನ ದಫ್ತರ ಗೊತ್ತು. ಎರಡನ್ನೂ ಒಬ್ಬರೇ ಕಲಿಯದೆ ಈ ಮರ ಪೂರ್ತಿಯಾಗುವುದಿಲ್ಲ.

ಕಾಗದಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದಿದೆ, ಮನೆಯ ಹಿರಿಯರನ್ನು ಕೇಳುವುದು. 1967ರಲ್ಲಿ ಸುಪ್ರೀಂ ಕೋರ್ಟು ಮಿಶ್ರ ವಿವಾಹ ನಿಷೇಧವನ್ನು ತೆಗೆದುಹಾಕಿದಾಗಲೂ 16 ರಾಜ್ಯಗಳಲ್ಲಿ ಆ ಕಾನೂನು ಜೀವಂತವಿತ್ತು. ಆ ಆಸುಪಾಸಿನಲ್ಲಿ ಮದುವೆಯಾದವರಿಗೆ ಈಗ ಎಂಬತ್ತರ ಆಚೀಚೆ ವಯಸ್ಸು. ರೂತ್ ಮೆಕ್‌ಬ್ರೈಡ್ ಮಕ್ಕಳೆದುರು ಬಾಯಿಬಿಡಲು ವರ್ಷಗಳೇ ಹಿಡಿದವು, ಆದರೆ ಕೊನೆಗೆ ಹೇಳಿದರು. ಅಮೆರಿಕದಲ್ಲಿರುವ ನಮ್ಮ ಓದುಗರಲ್ಲಿ ಯಾರ ಸೊಸೆಯದೋ ಅಳಿಯನದೋ ಗೆಳೆಯರದೋ ಮನೆತನ ಇಂಥದ್ದಾಗಿದ್ದರೆ ಅವರಿಗೆ ಇದನ್ನು ತಿಳಿಸಿ. ಡಿಎನ್‌ಎ ಕಿಟ್ಟು ಮುಂದಿನ ವರ್ಷವೂ ಸಿಗುತ್ತದೆ. ಅಜ್ಜಿಯ ಹತ್ತಿರ ಈ ತಿಂಗಳೇ ಹೋಗಿ ಕೂತು ಅವರ ತಾಯಿಯ ಹೆಸರು, ಆ ತಾಯಿಯ ತಾಯಿಯ ಹೆಸರು ಕೇಳಿ ಬರೆದುಕೊಳ್ಳಲಿ.