ಚೋಮನಿಂದ ಈಚೆಗೆ: ಕರಾವಳಿಯ ನಟನೆಯ ಲೆಕ್ಕ

ಕನ್ನಡ ಚಿತ್ರದ ಅಭಿನಯಕ್ಕೆ ಅತ್ಯುತ್ತಮ ನಟನ ರಾಷ್ಟ್ರಪ್ರಶಸ್ತಿ ಮೊಟ್ಟಮೊದಲು ಬಂದದ್ದು ಮೂಡುಬಿದಿರೆಯಲ್ಲಿ ಹುಟ್ಟಿದ ನಟರೊಬ್ಬರಿಗೆ. ಅವರು ಎಂ.ವಿ. ವಾಸುದೇವ ರಾವ್, ಪಾತ್ರ ಚೋಮ, ಚಿತ್ರ 1975ರ ‘ಚೋಮನ ದುಡಿ’. ಸ್ವರ್ಣಕಮಲವನ್ನೂ ಗೆದ್ದ ಆ ಚಿತ್ರವನ್ನು ನಿರ್ದೇಶಿಸಿದ ಬಿ.ವಿ. ಕಾರಂತರು ಬಂಟ್ವಾಳ ತಾಲೂಕಿನ ಮಂಚಿಯವರು. ಅಲ್ಲಿಂದ 47 ವರ್ಷ ಕಳೆದು, 2022ರ ‘ಕಾಂತಾರ’ಕ್ಕಾಗಿ ಅದೇ ಪ್ರಶಸ್ತಿ ಕೆರಾಡಿಯ ರಿಷಬ್ ಶೆಟ್ಟಿಯವರಿಗೆ ಸಂದಿತು. ಎರಡು ಕಥೆಗಳ ಬುಡದಲ್ಲೂ ಇರುವುದು ಭೂಮಿಯ ಹಕ್ಕು; ಎರಡರಲ್ಲೂ ಪಂಜುರ್ಲಿ ದೈವದ ನೆರಳಿದೆ. ಆದರೂ ಕರಾವಳಿಯ ನಟರ ಬಗ್ಗೆ ಈಗ ನಡೆಯುವ ಮಾತುಕತೆ ಶುರುವಾಗುವುದೇ ಕಳೆದ ಹತ್ತು ವರ್ಷಗಳಿಂದ. ವಾಸುದೇವ ರಾಯರ ಹೆಸರು ಅದರಲ್ಲಿ ಬರುವುದು ಅಪರೂಪ. ಈ ಮರೆವಿನಿಂದ ನಷ್ಟವಾಗಿರುವುದು ಇಂದಿನ ನಟರಿಗೇ ಎಂಬುದು ನನ್ನ ನಂಬಿಕೆ.

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಕಡೆಯ ನಟನೊಬ್ಬ ಚೆನ್ನಾಗಿ ನಟಿಸಿದರೆ ನಾವು ತಕ್ಷಣ ‘ಮಣ್ಣಿನ ಗುಣ’ ಎನ್ನುತ್ತೇವೆ. ಯಕ್ಷಗಾನ ರಕ್ತದಲ್ಲೇ ಇದೆ, ಭೂತಕೋಲ ನೋಡಿ ಬೆಳೆದವರು, ಇನ್ನೇನು ಬೇಕು ಎನ್ನುತ್ತೇವೆ. ಪ್ರೀತಿಯ ಮಾತೇ ಹೌದು. ಆದರೆ ನಟ ಪಟ್ಟ ಪಾಡನ್ನೆಲ್ಲ ಅದು ಊರಿನ ಖಾತೆಗೆ ಜಮಾ ಮಾಡಿಬಿಡುತ್ತದೆ. ವಾಸುದೇವ ರಾಯರ ಬದುಕು ಬೇರೆಯದನ್ನೇ ಹೇಳುತ್ತದೆ. 1921ರಲ್ಲಿ ಮೂಡುಬಿದಿರೆಯಲ್ಲಿ ಹುಟ್ಟಿದ ಅವರು ಪಳಗಿದ್ದು ಘಟ್ಟದ ಮೇಲೆ, ಗುಬ್ಬಿ ವೀರಣ್ಣನವರ ಕಂಪೆನಿಯಲ್ಲಿ. ಸೇರಿದಾಗ ಇನ್ನೂ ಹುಡುಗ. ಬಿ.ವಿ. ಕಾರಂತರ ದಾರಿಯೂ ಅದೇ. ಮೂರನೆಯ ತರಗತಿಯಲ್ಲಿ ‘ನನ್ನ ಗೋಪಾಲ’ದಲ್ಲಿ ಬಣ್ಣ ಹಚ್ಚಿದ ಮಂಚಿಯ ಹುಡುಗ ಮನೆ ಬಿಟ್ಟು ಹೋಗಿ ಸೇರಿಕೊಂಡದ್ದು ಗುಬ್ಬಿ ಕಂಪೆನಿಯನ್ನು. ಮುಂದೆ ವೀರಣ್ಣನವರೇ ಅವರನ್ನು ಓದಲು ಬನಾರಸ್ಸಿಗೆ ಕಳಿಸಿದರು. ಅಲ್ಲಿಂದ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ. ಕರಾವಳಿಯ ಅತ್ಯಂತ ದೊಡ್ಡ ಚಿತ್ರಪಾತ್ರವನ್ನು ಕಟ್ಟಿದ ಇಬ್ಬರೂ ಊರು ಬಿಟ್ಟು ಹೋಗಿ, ಬಯಲುಸೀಮೆಯ ಕಂಪೆನಿಯಲ್ಲಿ ದುಡಿದು, ಕಲಿತದ್ದನ್ನು ಹೊತ್ತು ತುಳುನಾಡಿನ ಕಥೆಗೆ ಮರಳಿದವರು.

1884ರಲ್ಲಿ ಹುಟ್ಟಿದ ಆ ಕಂಪೆನಿ ಕಲಿಸುತ್ತಿದ್ದುದು ಏನನ್ನು? ಹಾಡು, ತಾಳ, ಹಿಂದಿನ ಸಾಲಿಗೂ ಮುಟ್ಟುವ ದನಿ, ಇಂದು ರಾಜ ನಾಳೆ ಸೇವಕ ಎಂಬ ಪಾತ್ರಬದಲು. ಕಂಪೆನಿ ನಾಟಕದ ಅಭಿನಯ ಎತ್ತರದ ಅಭಿನಯ. ಅದೇ ಎತ್ತರವನ್ನು ಕ್ಯಾಮೆರಾದ ಮುಂದೆ ತಂದಿದ್ದರೆ ಚೋಮ ಹಾಳಾಗುತ್ತಿದ್ದ. ವಾಸುದೇವ ರಾಯರು ಅಲ್ಲಿಂದ ತಂದದ್ದು ಲಯವನ್ನು ಮಾತ್ರ. ದನಿಯನ್ನು ಇಳಿಸಿದರು, ಕೈಸನ್ನೆಗಳನ್ನು ಬಿಟ್ಟುಕೊಟ್ಟರು. ಸ್ವಂತಕ್ಕೊಂದು ತುಂಡು ಗದ್ದೆ ಉಳಬೇಕು ಎಂಬ ಚೋಮನ ಆಸೆಯನ್ನು ಅವರು ಭಾಷಣವಾಗಿಸುವುದಿಲ್ಲ. ಒಡೆಯನ ಮುಂದೆ ನಿಲ್ಲುವಾಗ ಮೈ ತಾನಾಗಿ ಕುಗ್ಗುತ್ತದೆ, ತನ್ನ ವಾದ್ಯ ದುಡಿ ಕೈಗೆ ಬಂದಾಗ ಅದೇ ಮೈ ನೆಟ್ಟಗಾಗುತ್ತದೆ. ಈ ಎರಡು ನಿಲುವುಗಳ ನಡುವಿನ ಅಂತರದಲ್ಲೇ ಇಡೀ ಪಾತ್ರ ನಿಂತಿದೆ. ಮಗ ನೀಲ ನೀರುಪಾಲಾಗುವಾಗ ಮುಟ್ಟಿ ಎತ್ತಬಲ್ಲವರು ಜಾತಿಯ ಕಾರಣಕ್ಕೆ ಮುಟ್ಟದೆ ನಿಲ್ಲುತ್ತಾರೆ. ಅಲ್ಲಿಂದ ಮುಂದೆ ಚೋಮನ ಮುಖದಲ್ಲಿ ಕಾಣುವುದು ಆಕ್ರೋಶಕ್ಕಿಂತ ಗಟ್ಟಿಯಾದ ಏನೋ ಒಂದು. ಅದಕ್ಕೆ ಹೆಸರಿಡಲು ನನ್ನಿಂದ ಆಗಿಲ್ಲ. ಕೊನೆಯ ದುಡಿಯ ಹೊಡೆತದಲ್ಲಿ ನಟ, ಸಂಗೀತಗಾರ, ನಿರ್ದೇಶಕ ಮೂವರೂ ಒಂದೇ ಲಯದಲ್ಲಿದ್ದಾರೆ. ಸಂಗೀತವೂ ಕಾರಂತರದೇ ಎಂಬುದನ್ನು ಇಲ್ಲಿ ನೆನೆಯಬೇಕು.

ಒಂದು ಪ್ರಶ್ನೆಯನ್ನು ಮಾತ್ರ ತಪ್ಪಿಸಿಕೊಳ್ಳುವಂತಿಲ್ಲ. ಚೋಮನನ್ನು ಬರೆದ ಶಿವರಾಮ ಕಾರಂತರೂ ತೆರೆಗೆ ತಂದ ಬಿ.ವಿ. ಕಾರಂತರೂ ಚೋಮನ ಕೇರಿಯ ಹೊರಗಿನವರು. ಅವರ ಕಾಳಜಿಯಲ್ಲಿ ನನಗೆ ಸಂಶಯವಿಲ್ಲ. ಆದರೆ ದುಡಿ ಯಾರ ಕೈಯ ವಾದ್ಯವೋ, ದೈವದ ನೇಮ ಯಾರ ಮೈಯ ದುಡಿಮೆಯೋ, ಆ ಸಮುದಾಯಗಳಿಂದ ಬಂದ ನಟರು ನಮ್ಮ ಚಿತ್ರಗಳ ನಡುಮಧ್ಯಕ್ಕೆ ಬಂದದ್ದು ತೀರ ಕಡಿಮೆ. ಕರಾವಳಿಯ ನಟನೆಯನ್ನು ಕೊಂಡಾಡುವಾಗೆಲ್ಲ ಈ ಗೈರುಹಾಜರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ವಾಸುದೇವ ರಾಯರನ್ನು ಚೋಮನೊಬ್ಬನಿಂದಲೇ ಅಳೆದರೆ ಅವರಿಗೆ ಅನ್ಯಾಯ. ಎರಡೇ ವರ್ಷದ ನಂತರ, 1977ರಲ್ಲಿ, ಮೃಣಾಲ್ ಸೇನ್ ತೆಲುಗಿನಲ್ಲಿ ‘ಒಕ ಊರಿ ಕಥ’ ಮಾಡಿದರು. ಮೂಲ ಪ್ರೇಮಚಂದರ ‘ಕಫನ್’. ಅದರ ವೆಂಕಯ್ಯನ ಪಾತ್ರಕ್ಕೆ ಸೇನ್ ಕರೆದದ್ದು ಇವರನ್ನು. ಚೋಮ ದುಡಿಯಲು ನೆಲ ಬೇಡುವವನು. ವೆಂಕಯ್ಯ ದುಡಿಯಲಾರೆ ಎನ್ನುವವನು. ದುಡಿದರೆ ಕೊಬ್ಬುವುದು ಜಮೀನ್ದಾರನೇ ಎಂದು ಕಂಡುಕೊಂಡವನು. ಸೊಸೆ ಹೆರಿಗೆಯ ನೋವಿನಲ್ಲಿ ಸಾಯುತ್ತಿರುವಾಗಲೂ ಆ ಹಟ ಸಡಿಲಾಗುವುದಿಲ್ಲ. ಚೋಮನ ಮೇಲೆ ನಮಗೆ ಕರುಣೆ ಹುಟ್ಟಿಸಿದ ಅದೇ ಬಡಕಲು ಮೈಯನ್ನು ಇಲ್ಲಿ ಅವರು ಅಸಹ್ಯ ಹುಟ್ಟುವಷ್ಟು ಕ್ರೂರವಾಗಿ, ಬುದ್ಧಿವಂತವಾಗಿ ಬಳಸುತ್ತಾರೆ. ಒಂದೇ ಭೂಮಿಪ್ರಶ್ನೆಯ ಎರಡು ತುದಿಗಳನ್ನು ಒಬ್ಬ ನಟ ಎರಡು ಭಾಷೆಗಳಲ್ಲಿ ಹೀಗೆ ಹಿಡಿದದ್ದಕ್ಕೆ ಭಾರತೀಯ ಸಿನಿಮಾದಲ್ಲಿ ಸಾಟಿ ಕಡಿಮೆ. ‘ಚೋಮನ ದುಡಿ’ ನೋಡಿದವರೆಲ್ಲ ಇದನ್ನೂ ಹುಡುಕಿ ನೋಡಬೇಕು. ಹತ್ತು ವರ್ಷದ ಬಳಿಕ ಮಣಿರತ್ನಂ ಅವರ ‘ನಾಯಕನ್’ (1987) ಚಿತ್ರದಲ್ಲಿ ನಾಯಕ ವೇಲುವನ್ನು ಸಾಕುವ ಹುಸೇನ್ ಭಾಯಿ ಆಗಿಯೂ ಅವರು ಕಾಣಿಸಿಕೊಂಡರು. ಚಿಕ್ಕ ಪಾತ್ರ. ಆದರೆ ಲಾಕಪ್ಪಿನಲ್ಲಿ ಆ ಮನುಷ್ಯ ಸತ್ತಾಗಲೇ ವೇಲುವಿನ ಮುಂದಿನ ಬದುಕಿನ ದಿಕ್ಕು ತಿರುಗುವುದು. ಕಥೆಯ ಭಾರ ಹೊರುವಷ್ಟು ಪ್ರೀತಿಯನ್ನು ಕೆಲವೇ ನಿಮಿಷಗಳಲ್ಲಿ ಗಳಿಸಿಕೊಳ್ಳುವುದು ಕಂಪೆನಿಯ ಅನುಭವವಿದ್ದವರಿಗೆ ಮಾತ್ರ ಸಾಧ್ಯ. 2002ರಲ್ಲಿ ಅವರು ತೀರಿಕೊಂಡರು. ಬಿ.ವಿ. ಕಾರಂತರು ಹೋದದ್ದೂ ಅದೇ ವರ್ಷ.

ಊರಲ್ಲೇ ಉಳಿದವರಿಗೆ ಬೇರೆ ಶಾಲೆಯಿತ್ತು. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳ ಯಕ್ಷಗಾನ ಮೇಳದಲ್ಲಿ ದಶಕಗಟ್ಟಲೆ ವೇಷ ಮಾಡಿದ ಸೂರಿಕುಮೇರು ಗೋವಿಂದ ಭಟ್ಟರಂಥವರನ್ನು ನೆನೆದರೆ ಆ ಶಾಲೆಯ ಪಾಠ ಎಷ್ಟು ಕಠಿಣ ಎಂಬುದು ತಿಳಿಯುತ್ತದೆ. ಇಲ್ಲಿ ಮಾತನ್ನು ಯಾರೂ ಬರೆದುಕೊಡುವುದಿಲ್ಲ. ಪ್ರಸಂಗದ ಪದ್ಯ ಭಾಗವತರದು, ಅರ್ಥ ಕಲಾವಿದನದು. ಎದುರು ವೇಷ ಎತ್ತಿದ ಪ್ರಶ್ನೆಗೆ ಆ ಕ್ಷಣವೇ ಉತ್ತರ ಹುಟ್ಟಬೇಕು. ತುಳು ನಾಟಕ ಈ ಪ್ರತ್ಯುತ್ಪನ್ನಮತಿಯನ್ನೇ ಆಡುಮಾತಿಗೆ ಇಳಿಸಿಕೊಂಡಿತು. ಸೀಸನ್ ಶುರುವಾದರೆ ಜಾತ್ರೆಗೆ, ಬ್ರಹ್ಮಕಲಶೋತ್ಸವಕ್ಕೆ, ಶಾಲಾ ವಾರ್ಷಿಕೋತ್ಸವಕ್ಕೆ ಊರಿಂದೂರಿಗೆ ಓಡುವ ತಂಡಗಳು. ಪ್ರತಿ ಊರಲ್ಲಿ ಅಲ್ಲಿಯದೇ ಒಂದು ಸುದ್ದಿಯನ್ನು ಸಂಭಾಷಣೆಗೆ ಸೇರಿಸುವ ಚುರುಕು. ನವೀನ್ ಡಿ. ಪಡೀಲ್, ಅರವಿಂದ ಬೋಳಾರ್, ಭೋಜರಾಜ ವಾಮಂಜೂರ್, ದೇವದಾಸ್ ಕಾಪಿಕಾಡ್ ತಯಾರಾದದ್ದು ಈ ಗದ್ದೆಯ ವೇದಿಕೆಗಳ ಮೇಲೆ.

ಮೊದಲ ತುಳು ಚಿತ್ರ ‘ಎನ್ನ ತಂಗಡಿ’ ಬಂದದ್ದು 1971ರಲ್ಲಿ. ನಾಟಕದ ನಟರು ತೆರೆಯನ್ನು ನಿಜಕ್ಕೂ ಆಳತೊಡಗಿದ್ದು ಮಾತ್ರ 2011ರ ‘ಒರಿಯರ್ದೊರಿ ಅಸಲ್’ ಬಳಿಕ. ವಿಜಯಕುಮಾರ್ ಕೊಡಿಯಾಲ್‌ಬೈಲ್ ಅವರ ನಾಟಕವೇ ಅಲ್ಲಿ ಚಿತ್ರವಾಯಿತು. ಕೈಬಿಟ್ಟ ಪ್ರೇಕ್ಷಕರನ್ನು ಥಿಯೇಟರಿಗೆ ಮರಳಿ ಕರೆತಂದ ಆ ಸಾಧನೆ ದೊಡ್ಡದು. ಆದರೆ ಅದರ ಜೊತೆಗೇ ಒಂದು ಅಭ್ಯಾಸವೂ ಬಂತು. ಮೈಕಿನ ಮುಂದೆ ನಿಂತು ಗದ್ದೆಯ ತುದಿಗೆ ಮುಟ್ಟಿಸುತ್ತಿದ್ದ ದನಿಯನ್ನೇ ಕ್ಲೋಸಪ್ಪಿನಲ್ಲೂ ಉಳಿಸಿಕೊಂಡರು. ನಗು ಏಳಲೆಂದು ಮಾತಿನ ಕೊನೆಯಲ್ಲಿ ಬಿಡುತ್ತಿದ್ದ ತಡೆ ಹಾಗೇ ಉಳಿಯಿತು. ಇದು ಈ ನಟರ ಶಕ್ತಿಯ ಕೊರತೆ ಎಂದು ನನಗನಿಸುವುದಿಲ್ಲ. ಬೇರೆಯದನ್ನು ಅವರಿಂದ ಯಾರೂ ಕೇಳಲಿಲ್ಲ.

ಟೆಲಿವಿಷನ್ ಈ ಗಂಟನ್ನು ಇನ್ನಷ್ಟು ಬಿಗಿ ಮಾಡಿತು. ಮಂಗಳೂರಿನ ನಮ್ಮ ಟಿವಿಯ ‘ಬಲೇ ತೆಲಿಪಾಲೆ’ ಹಳ್ಳಿಹಳ್ಳಿಯ ಪ್ರತಿಭೆಗಳಿಗೆ ವೇದಿಕೆಯಾಯಿತು. ಜೀ ಕನ್ನಡದ ‘ಕಾಮಿಡಿ ಕಿಲಾಡಿಗಳು’ ಹಿತೇಶ್ ಕಾಪಿನಡ್ಕರಂಥ ಬೆಳ್ತಂಗಡಿ ಕಡೆಯ ಹುಡುಗರನ್ನು ಇಡೀ ಕರ್ನಾಟಕಕ್ಕೆ ಪರಿಚಯಿಸಿತು. ನಾಟಕದ ಹಿನ್ನೆಲೆಯ ಬಡ ಮನೆಯ ಹುಡುಗನಿಗೆ ಇದು ಎಂಥ ಬಾಗಿಲು ಎಂಬುದನ್ನು ಯಾರೂ ಹಗುರವಾಗಿ ಕಾಣಬಾರದು. ಆದರೆ ಸ್ಕಿಟ್ ಎಂಬ ಪ್ರಕಾರ ಕೇಳುವುದು ಕೆಲವೇ ನಿಮಿಷದ ಚುರುಕನ್ನು. ಪಾತ್ರ ಅಲ್ಲಿ ಬೆಳೆಯುವುದಿಲ್ಲ, ಕೆಡುವುದೂ ಇಲ್ಲ. ಎರಡು ಗಂಟೆ ಒಬ್ಬ ಮನುಷ್ಯನಾಗಿ ಬಾಳುವ ಅಭ್ಯಾಸ ಹೀಗೆ ಕೈತಪ್ಪುತ್ತದೆ. ಜೊತೆಗೆ ಕರಾವಳಿಯ ಮಾತಿನ ಧಾಟಿಯೇ ನಗೆಯ ಸರಕಾಗಿಬಿಡುತ್ತದೆ. ‘ಮಂಗಳೂರು ಕನ್ನಡ’ ಕಿವಿಗೆ ಬಿದ್ದೊಡನೆ ಪ್ರೇಕ್ಷಕರು ನಗಲು ಸಿದ್ಧರಾಗುತ್ತಾರೆ. ಆ ಧಾಟಿಯಲ್ಲಿ ಅಳುವ ಹಕ್ಕನ್ನು ನಟ ಮತ್ತೆ ಹೊಸದಾಗಿ ಸಂಪಾದಿಸಬೇಕು.

ಹೆಣ್ಣಿನ ಪಾತ್ರಗಳ ವಿಷಯದಲ್ಲಿ ಈ ಪರಂಪರೆ ಇನ್ನೂ ಬಡವಾಗಿದೆ. ಸ್ತ್ರೀವೇಷವನ್ನು ಗಂಡಸರೇ ಮಾಡಿದ ದೀರ್ಘ ಇತಿಹಾಸದಲ್ಲಿ ದೊಡ್ಡ ಕಲಾವಿದರಿದ್ದಾರೆ, ನಿಜ. ಆದರೆ ‘ಚೋಮನ ದುಡಿ’ಯಲ್ಲಿ ಪದ್ಮಾ ಕುಮಟಾ ಚೋಮನ ಮಗಳು ಬೆಳ್ಳಿಯಾಗಿ ತೋರಿಸಿದ ಆಳಕ್ಕೆ ಸರಿಗಟ್ಟುವ ಎಷ್ಟು ಪಾತ್ರಗಳು ಇಲ್ಲಿ ಹುಟ್ಟಿದವು? ಅಪ್ಪನ ಸಾಲ ತೀರಲೆಂದು ತೋಟಕ್ಕೆ ಹೋಗುವ ಬೆಳ್ಳಿಗೆ ತನ್ನದೇ ಆಸೆಯಿದೆ, ತನ್ನದೇ ತೀರ್ಮಾನವಿದೆ. ತುಳು ಹಾಸ್ಯಚಿತ್ರಗಳಲ್ಲಿ ನಾಯಕಿ ಸಾಮಾನ್ಯವಾಗಿ ನಗೆಗಾರರ ಗುಂಪಿಗೆ ದಾರಿ ಬಿಟ್ಟು ನಿಲ್ಲುವವಳು. 2025ರ ‘ಸು ಫ್ರಮ್ ಸೋ’ ಚಿತ್ರ ನನಗೆ ಮುಖ್ಯವಾಗುವುದು ಈ ಕಾರಣಕ್ಕೆ. ನಿರ್ದೇಶಕ ಜೆ.ಪಿ. ತುಮಿನಾಡು ಅಲ್ಲಿ ನಾಟಕದ ತಂಡದ ಒಗ್ಗಟ್ಟನ್ನು ಪೂರ್ತಿ ದುಡಿಸಿಕೊಂಡು ಊರಿಗೆ ಊರನ್ನೇ ನಗಿಸುತ್ತಾರೆ. ಆಮೇಲೆ ಇಡೀ ಗುಂಪನ್ನು ಒಬ್ಬ ಹೆಣ್ಣಿನ ಸಂಕಟದ ಮುಂದೆ ತಂದು ನಿಲ್ಲಿಸುತ್ತಾರೆ. ಶನೀಲ್ ಗೌತಮ್, ಪ್ರಕಾಶ್ ತುಮಿನಾಡು, ದೀಪಕ್ ರೈ ಪಾಣಾಜೆ ಇವರಲ್ಲಿ ಯಾರೂ ಒಬ್ಬರನ್ನೊಬ್ಬರು ಮೀರಿಸಲು ಹೋಗುವುದಿಲ್ಲ. ಎದುರಿನವನ ಮಾತಿಗೆ ಕಿವಿಗೊಡುವ ಗುಣ ಯಕ್ಷಗಾನದ ಅರ್ಥಗಾರಿಕೆಯದು. ಸಿನಿಮಾದಲ್ಲಿ ಅದು ಇಷ್ಟು ಚೆನ್ನಾಗಿ ಅರಳಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

‘ಕಾಂತಾರ’ದ ಕೊನೆಯ ಭಾಗವನ್ನೂ ಚೋಮನ ಕೊನೆಯನ್ನೂ ಒಟ್ಟಿಗಿಟ್ಟು ನೋಡಿ. ರಿಷಬ್ ಅವರ ಮೈದುಂಬಿದ ಆವೇಶ ಅಸಾಧಾರಣ ಶ್ರಮದ ಫಲ, ಆ ಪ್ರಶಸ್ತಿಗೆ ಅರ್ಹವಾದದ್ದು. ಅಲ್ಲಿ ದೈವ ಮೈಮೇಲೆ ಬಂದು ಭೂಮಿಯ ವ್ಯಾಜ್ಯ ತೀರಿಸುತ್ತದೆ. ಶಿವರಾಮ ಕಾರಂತರ ಕಾದಂಬರಿಯಲ್ಲಿ ಗದ್ದೆಯಾಸೆಗೆ ಮತ ಬಿಡಲು ಹೊರಟ ಚೋಮನನ್ನು ಪಂಜುರ್ಲಿಯ ಮೇಲಿನ ನಂಬಿಕೆ ತಡೆಯುತ್ತದೆ. ಆದರೆ ಅವನ ನೆರವಿಗೆ ಪಂಜುರ್ಲಿ ಬರುವುದಿಲ್ಲ. ದೈವ ಬಂದ ಮೈಯನ್ನು ನಟಿಸಲು ಪರಂಪರೆಯೇ ನೂರು ದಾರಿ ತೋರಿಸುತ್ತದೆ: ಹೆಜ್ಜೆಯಿದೆ, ಬಣ್ಣವಿದೆ, ಸೂಟೆಯ ಬೆಳಕಿದೆ. ದೈವ ಬಾರದ ಮೈಯನ್ನು ನಟಿಸಲು ಯಾವ ದಾರಿಯೂ ಸಿದ್ಧವಿಲ್ಲ. ನನಗೆ ವಾಸುದೇವ ರಾಯರ ಸಾಧನೆ ಹೆಚ್ಚು ಕಷ್ಟದ್ದಾಗಿ ಕಾಣುವುದು ಇಲ್ಲಿ.

ಊರು ಬಿಡದೆಯೂ ಕಲಿಯುವ ಅವಕಾಶ ಈಗ ಇದೆ. ಮೂಡುಬಿದಿರೆಯ ಆಳ್ವಾಸ್ ರಂಗ ಅಧ್ಯಯನ ಕೇಂದ್ರದಲ್ಲಿ ಜೀವನ್‌ರಾಂ ಸುಳ್ಯ ಅವರ ಕೈಕೆಳಗೆ ಪಳಗುವ ವಿದ್ಯಾರ್ಥಿಗಳು ‘ಚಾರುವಸಂತ’ದಂಥ ದೊಡ್ಡ ಪ್ರಯೋಗಗಳನ್ನು ಊರೂರಿಗೆ ಒಯ್ದಿದ್ದಾರೆ. ಕೊರತೆಯಿರುವುದು ಪಾತ್ರಗಳಿಗೆ. ನಗೆನಟನೆಂದೇ ಹೆಸರಾದ ನವೀನ್ ಡಿ. ಪಡೀಲ್ ಅವರನ್ನು ಸಂತೋಷ್ ಮಾಡ ‘ಜೀಟಿಗೆ’ಯ ನಡುವೆ ಗಂಭೀರವಾಗಿ ನಿಲ್ಲಿಸಿದರು, ಆ ಚಿತ್ರಕ್ಕೆ ಅತ್ಯುತ್ತಮ ತುಳು ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಸಾವಿರಾರು ಪ್ರದರ್ಶನಗಳಲ್ಲಿ ಮಾತಿನಿಂದ ಗೆದ್ದ ಮುಖ ಮೌನದಲ್ಲೂ ಅಷ್ಟೇ ತುಂಬಿಕೊಂಡಿರಬಲ್ಲದು ಎಂಬುದು ಅಲ್ಲಿ ಸಾಬೀತಾಯಿತು. ಅರವಿಂದ ಬೋಳಾರರಿಗಾಗಿ ಒಬ್ಬ ವೆಂಕಯ್ಯನನ್ನು, ತುಳು ರಂಗದ ಯಾವುದಾದರೂ ನಟಿಗಾಗಿ ಇನ್ನೊಬ್ಬ ಬೆಳ್ಳಿಯನ್ನು ಬರೆಯುವ ಕೆಲಸ ಬಾಕಿಯಿದೆ. ಅದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಬರಹಗಾರರೇ ಎತ್ತಿಕೊಳ್ಳಬೇಕು, ಈ ನಟರ ಮೈಯಲ್ಲಿ ಕಸುವಿರುವಾಗಲೇ.